ಒಂದೇ ಪ್ಲಗ್ಗಿನ ಕೋಣೆ

ಫ್ರೀಜರಿನಿಂದ ಡಬ್ಬಿ ತೆಗೆಯುವಾಗ ಈಗಲೂ ನನ್ನ ಕಣ್ಣು ಮೊದಲು ಪ್ಲಗ್ಗಿನ ಕಡೆಗೇ ಹೋಗುತ್ತದೆ.

ಕಲಬುರಗಿ ಕಡೆಯಿಂದ ಬಂದ ನಾವು ಬೆಂಗಳೂರಿನ ಟಿನ್ ಫ್ಯಾಕ್ಟರಿ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದೆವು. ಟಿವಿಗೂ ಫ್ರಿಜ್ಜಿಗೂ ಇದ್ದದ್ದು ಒಂದೇ ಪ್ಲಗ್ ಪಾಯಿಂಟು. ಬಸುರಿ ಅಕ್ಕನಿಗೆ ಮಟನ್ ಸಾರಿನ ಬಯಕೆ. ಭಾನುವಾರ ಅವಳು ಊಟಕ್ಕೆ ಬರುತ್ತಾಳೆಂದು ಅವ್ವ ಶುಕ್ರವಾರವೇ ರಸೆಲ್ ಮಾರ್ಕೆಟ್ಟಿನಿಂದ ಮಾಂಸ ತಂದು ಫ್ರೀಜರಿನಲ್ಲಿಟ್ಟಿದ್ದಳು. ಶನಿವಾರ ಅವ್ವ ಕೆಲಸಕ್ಕೆ ಹೋದದ್ದೇ ತಡ, ನಾನು ಫ್ರಿಜ್ಜಿನ ಪ್ಲಗ್ ಕಿತ್ತು ಸಂಜೆಯವರೆಗೂ ಕ್ರಿಕೆಟ್ ನೋಡಿದೆ. ಆಮೇಲೆ ಡಬ್ಬಿಯಿಂದ ಸೋರಿದ್ದ ಕೆಂಪು ನೀರು ಒರೆಸಿ, ಅವ್ವ ಬರುವ ಮೊದಲು ಮತ್ತೆ ಪ್ಲಗ್ ಸಿಕ್ಕಿಸಿದೆ.

ಭಾನುವಾರ ಮಧ್ಯಾಹ್ನ ಅವ್ವ ಡಬ್ಬಿ ತೆರೆದು ಬೆರಳಿನಿಂದ ತಟ್ಟಿದಳು. "ಕಲ್ಲಾಗ್ಯದ. ಏನೂ ಕೆಟ್ಟಿಲ್ಲ ಬಿಡು." ಮೂಸಿಯೂ ನೋಡಿದಳು, ಮಂಜುಗಟ್ಟಿದ ಮಾಂಸಕ್ಕೆ ವಾಸನೆಯೇ ಇರಲಿಲ್ಲ. ಒಲೆಯ ಮೇಲೆ ಮಸಾಲೆ ಘಮಗುಡುತ್ತಿತ್ತು. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಗೊರಗಿ ಕೂತಿದ್ದಳು.

"ಅವ್ವಾ, ನಿನ್ನೆ ಅದು ಪೂರಾ ಕರಗಿತ್ತು. ಪ್ಲಗ್ ನಾನೇ ಕಿತ್ತಿದ್ದೆ."

ಏಟಿಗೆ ಕಾದೆ. ಅವ್ವ ಅಕ್ಕನ ಹೊಟ್ಟೆಯನ್ನೊಮ್ಮೆ ನೋಡಿದಳು. ಹೊರಗೆ ಹೋಗಿ ಮಾಂಸವನ್ನೆಲ್ಲ ಚೆಲ್ಲಿ ಬಂದಳು. ಅದೇ ಮಸಾಲೆಗೆ ಬದನೆಕಾಯಿ ಹಾಕಿದಳು.

ಅಕ್ಕ ಎರಡು ರೊಟ್ಟಿ ತಿಂದು, "ಇದೇ ತಿನ್ಬೇಕು ಅನ್ನಿಸಿತ್ತು ನೋಡವ್ವ," ಎಂದಳು.

ಅವ್ವ ಮಾತ್ರ ಅಂದು ಊಟಕ್ಕೆ ಕೂರಲೇ ಇಲ್ಲ.