ಅರ್ಧ ತೋರಿಸಿದ ಮುಳ್ಳು

“ಇನ್ನೊಂದ್ಸಲ ನೋಡಿ ಶಿವರಾಮಣ್ಣ. ಕೆಟ್ಟಿರೋದು ಪೆಟ್ರೋಲ್ ಮುಳ್ಳೇ,” ಎಂದಳು ವಿನಯಾ.

ಸಾಗರದ ಗ್ಯಾರೇಜಿನಲ್ಲಿ ಶಿವರಾಮ ಮೂರನೇ ಸಲ ಆ ಕೆಂಪು ಕಾರಿನ ಕೆಳಗೆ ತೂರಿದ. ಎರಡೇ ಸೀಟಿನ, ಅಜ್ಜನ ಕಾಲದ ಸ್ಪೋರ್ಟ್ಸ್ ಕಾರು. ಅವಳ ಗಂಡ ಗಿರಿಧರನಿಗೆ ಅದೆಂದರೆ ಪ್ರಾಣ. ಪ್ರಾಣ ಹೋದದ್ದೂ ಅದರಲ್ಲೇ.

ಹೊಸನಗರದ ಮನೆಯಲ್ಲಿ ಒಂದು ಮಧ್ಯಾಹ್ನ ಅವನಿಗೆ ಎದೆನೋವು ಬಂತು. ಜೀಪು ಊರಲ್ಲಿರಲಿಲ್ಲ. ತೋಟದಲ್ಲಿ ಕಳೆ ಹೊಡೆಯುವ ಐದಾರು ಮಿಷನ್ನುಗಳ ಗದ್ದಲ. ಹೆಂಡತಿ ವಿನಯಾ ಕೂಗಿದ್ದು ಯಾರಿಗೂ ಕೇಳಲಿಲ್ಲ. ಅವಳಿಗೋ ಡ್ರೈವಿಂಗ್ ಬಾರದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಿರಿಧರ ತಾನೇ ಶಿವಮೊಗ್ಗದ ಆಸ್ಪತ್ರೆಗೆ ಹೊರಟ. ನೆಟ್‌ವರ್ಕ್ ಸಿಗದ ಕಾಡಿನಲ್ಲಿ ಪೆಟ್ರೋಲ್ ಮುಗಿದು ಕಾರು ನಿಂತಿತು. ಅವಳ ಹೆಗಲಿಗೆ ಒರಗಿದ ತಲೆ ಮತ್ತೆ ಏಳಲಿಲ್ಲ.

ವೈಕುಂಠದೂಟಕ್ಕೆ ಬಂದವರು ಪಾಯಸ ಹೀರುತ್ತಲೇ ತೀರ್ಪು ಕೊಟ್ಟರು: ಟ್ಯಾಂಕು ನೋಡಿಕೊಳ್ಳದೆ ಹೊರಟನಲ್ಲ, ಎಂಥ ಬೇಜವಾಬ್ದಾರಿ! ಸತ್ತವನು ಎದ್ದು ಬಂದು ಉತ್ತರ ಕೊಡಲಾರನಲ್ಲ.

“ಹಿಂದಿನ ಸಂಜೆ ಅರ್ಧ ಟ್ಯಾಂಕ್ ತೋರಿಸ್ತಿತ್ತು. ನಾನೇ ನೋಡಿದೀನಿ,” ಎಂದಳು ವಿನಯಾ. “ಆಮೇಲೆ ಆಸ್ಪತ್ರೆಗೆ ಹೊರಡೋವರೆಗೂ ಕಾರು ಶೆಡ್ಡಿಂದ ಹೊರಗೇ ಬರ್ಲಿಲ್ಲ. ಮುಳ್ಳು ಸುಳ್ಳು ತೋರ್ಸಿದೆ. ಹೌದು ಅಂತ ಒಂದು ಮಾತು ಹೇಳಿ, ಸಾಕು.”

ಅವಳು ಮತ್ತೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡಳು. ಬಂದಾಗಿನಿಂದ ಎರಡು ಸಲ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ್ದಳು. ಗ್ಯಾರೇಜಿನ ವಾಸನೆ ಹಿಡಿಸುವುದಿಲ್ಲ, ಪಾಪ, ಎಂದುಕೊಂಡ ಶಿವರಾಮ.

ಅವಳ ಮುಖ ನೋಡಿ, ಎಲ್ಲಾದರೂ ಒಂದು ದೋಷ ಸಿಗಲಿ ಎಂದು ಅವನೂ ಬೇಡಿಕೊಂಡ. ಟ್ಯಾಂಕಿನೊಳಗೆ ತೇಲುತ್ತ ಮಟ್ಟ ತಿಳಿಸುವ ಫ್ಲೋಟ್ ತೆಗೆದು ನೋಡಿದ, ತೂತಿಲ್ಲ. ವೈರು ಉಜ್ಜಿದ, ತುಕ್ಕಿಲ್ಲ. ಅರ್ಧ ಟ್ಯಾಂಕ್ ಪೆಟ್ರೋಲ್ ಸುರಿದ; ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಅಷ್ಟನ್ನೂ ಬಸಿದ, ಸೊನ್ನೆಗೆ ಇಳಿಯಿತು.

“ಮುಳ್ಳು ಸರಿಯಾಗೇ ಇದೆ ಅಮ್ಮ. ಟ್ಯಾಂಕು ಸೋರ್ತಾನೂ ಇಲ್ಲ.”

ವಿನಯಾ ಅಲ್ಲಿದ್ದ ಹಳೇ ಟಯರಿನ ಮೇಲೆ ಕುಳಿತು ಇನ್ನೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡಳು.

“ಅಯ್ಯೋ, ಇದ್ರಲ್ಲಿ ಗಿರಿಧರಣ್ಣಂದು ಏನೂ ತಪ್ಪಿಲ್ಲ,” ಸಮಾಧಾನ ಹೇಳಹೋದ ಶಿವರಾಮ. “ಯಾರೋ ಶೆಡ್ಡಿಗೆ ನುಗ್ಗಿ ಪೆಟ್ರೋಲ್ ತೆಗ್ದಿದಾರೆ. ಅವ್ರನ್ನ ಕೊಂದಿದ್ದು ಆ ಕಳ್ಳನೇ. ಸಿಕ್ರೆ ಸುಮ್ನೆ ಬಿಡಬೇಡಿ ಅಮ್ಮ.”

ಅವಳು ಎದ್ದು ಮತ್ತೆ ನಲ್ಲಿಗೆ ಹೋದಳು. ಮುಕ್ಕಳಿಸಿ, ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡಳು.

“ಕಳೆ ಮಿಷನ್ನುಗಳಿಗೆ ಅಂತ ಅವತ್ತು ಬೆಳಿಗ್ಗೆ ಈ ಟ್ಯಾಂಕಿಂದ ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳ್ದಿದ್ದು ನಾನೇ, ಶಿವರಾಮಣ್ಣ, ಈ ವಾಸನೆ ಇನ್ನೂ ಹೋಗ್ತಿಲ್ಲ.”