ಸದ್ದಿಲ್ಲದ ಡಿಸ್ಕ್

ಮೀರಾಬಾಯಿ ಸ್ವಿಚ್ ಒತ್ತಿ, ಬಗ್ಗಿ, ಕಣ್ಣು ಮುಚ್ಚಿ ಮೇಜಿನ ಕೆಳಗಿನ ಸಿಪಿಯುಗೆ ಕಿವಿ ಹಚ್ಚಿದಳು. ಔರಾದಿನ ಅವಳ ಆನ್‌ಲೈನ್ ಸೆಂಟರಿನಲ್ಲಿ ಒಂಬತ್ತು ವರ್ಷದಿಂದ ಇದೇ ರೂಢಿ. ಹಾರ್ಡ್‌ಡಿಸ್ಕ್ ಕರಕರ ಅಂದರೆ ಜೀವ ಇದೆ, ಹತ್ತು ನಿಮಿಷಕ್ಕೆ ಪರದೆ ಬರುತ್ತದೆ. ಇವತ್ತು ಫ್ಯಾನಿನದು ಬಿಟ್ಟರೆ ಬೇರೆ ಸದ್ದಿಲ್ಲ. ಪಕ್ಕದಲ್ಲಿ ನಿಂತ ಸಿದ್ದೇಶ್ವರಿಯ ನರ್ಸಿಂಗ್ ಅರ್ಜಿ ಕಳಿಸಲು ಉಳಿದದ್ದು ಎಂಟೇ ನಿಮಿಷ.

"ಸತ್ತೋಗ್ಯಾದ ಇದು. ಹಳೇ ಡಿಸ್ಕ್ ತೆಗ್ದು ಎಸ್‌ಎಸ್‌ಡಿ ಹಾಕ್ತೇನಂತ ಇದ್ದದ್ದೂ ಕೆಡಿಸ್ದಿ ನೋಡು, ಕುಣಾಲ!"

"ಈ ಹೊಸಾ ಡಿಸ್ಕಿನೊಳಗ ತಿರುಗೋದೇ ಏನಿಲ್ರಿ ವೈನಿ, ಸದ್ದು ಎಲ್ಲಿಂದ ಬರ್ಬೇಕು?" ಎಂದ ರಿಪೇರಿಯ ಕುಣಾಲ. "ಶನಿವಾರಕ್ಕೊಮ್ಮೆ ಫೈಲ್ ಜೋಡ್ಸಾಕ ಡಿಫ್ರಾಗ್ ಹಚ್ಚೋದೂ ಬಿಡ್ರಿ. ಇದು ಸುಮ್ನ ಸವೀತದ."

ಮೀರಾಬಾಯಿ ಕಿವಿಯನ್ನು ಇನ್ನಷ್ಟು ಒತ್ತಿದಳು. ತಲೆಯ ಮೇಲೆ, ಮೇಜಿನಲ್ಲಿ ಮೌಸ್ ಟಿಕ್ ಟಿಕ್ ಅಂದಿತು.

"ಅಕ್ಕಾ, ಏಳ್ರಿ," ಎಂದಳು ಸಿದ್ದೇಶ್ವರಿ. "ಪರದೆ ಆಗ್ಲೇ ಬಂತು, ಅರ್ಜಿನೂ ಹೋತ್ರಿ."

ಮೀರಾಬಾಯಿ ಕಣ್ಣು ತೆರೆದಳು. ಕಿವಿ ಮಾತ್ರ ತೆಗೆಯಲಿಲ್ಲ.