‘ತೊಲಗು’ ಎಂದ ಕಂಪ್ಯೂಟರ್

ಪಾಲಕರ ಸಭೆಯ ನೋಟಿಸನ್ನು ತಾವೇ ಬೆರಳಚ್ಚು ಮಾಡಿ ಮುಗಿಸಿದ ಮುಖ್ಯೋಪಾಧ್ಯಾಯ ಅಣವೀರಪ್ಪನವರು, ಹೊರಬರಲು ಎಲ್ಲಿ ಒತ್ತಬೇಕೆಂದು ಹುಡುಕಿದರು. ಪರದೆಯ ಮೂಲೆಯಲ್ಲಿ ಕನ್ನಡದ ಒಂದೇ ಪದವಿತ್ತು: ‘ತೊಲಗು’. ಹಿಂದಿನಿಂದ ಯಾವಳೋ ಹುಡುಗಿ ಕಿಸಕ್ಕೆಂದಳು. ಮೂವತ್ತು ವರ್ಷ ಕನ್ನಡ ಕಲಿಸಿದ ಮನುಷ್ಯ ಕುರ್ಚಿಯಿಂದ ಎದ್ದೇಬಿಟ್ಟರು.

“ಪುಕ್ಕಟೆ ಸಿಕ್ಕಿದ್ದು ಹಿಂಗೇ ಇರ್ತದ ಮೇಡಂ. ಸೋಮವಾರದೊಳಗ ಇದನ್ನ ತೆಗಿಸ್ರಿ. ಇಲ್ಲಾಂದ್ರ ಈ ಕಂಪ್ಯೂಟರ್ ಖೋಲಿಗಿ ಕೀಲಿ ಹಾಕ್ರಿ.”

ಅವರು ಹೇಳಿದ್ದು ವಿಜ್ಞಾನ ಶಿಕ್ಷಕಿ ಪುತಳಾಬಾಯಿಗೆ. ಕಮಲಾಪುರದ ಆ ಹೆಣ್ಣುಮಕ್ಕಳ ಶಾಲೆಯ ಕಂಪ್ಯೂಟರ್ ಕೋಣೆ ಎರಡು ವರ್ಷ ಮುಚ್ಚಿಯೇ ಇತ್ತು. ಯಾರೋ ನಕಲು ಮಾಡಿ ಹಾಕಿಕೊಟ್ಟಿದ್ದ ತಂತ್ರಾಂಶ ವೈರಸ್ ಹತ್ತಿ ಕೆಟ್ಟಿತ್ತು. ಈ ಜೂನ್‌ನಲ್ಲಿ ಪುತಳಾಬಾಯಿಯೇ ಓಡಾಡಿ, ಹಣ ಕೊಡದೆ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶವನ್ನು ಹತ್ತೂ ಯಂತ್ರಗಳಿಗೆ ಹಾಕಿಸಿದ್ದರು. ಈಗ ಹುಡುಗಿಯರು ಊಟದ ಬಿಡುವಿನಲ್ಲೂ ಅಲ್ಲಿಂದ ಏಳುತ್ತಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಬಸ್ಸು ಹಿಡಿದು ಕಲಬುರಗಿಗೆ ಹೋದರು. ಆ ತಂತ್ರಾಂಶ ಹಾಕಿಕೊಟ್ಟ ಇನಾಯತನ ಕಂಪ್ಯೂಟರ್ ರಿಪೇರಿ ಅಂಗಡಿ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿತ್ತು.

“ಇದರಾಗಿನ ಕನ್ನಡ ಸರಿ ಇಲ್ಲ ಇನಾಯತ್ ಭಾಯಿ. ನಮ್ಮ ಸರ್‌ಗ ಸಿಟ್ಟು ಬಂದದ. ತೆಗೀಬೇಕಂತ.”

ಇನಾಯತ್ ಸ್ಕ್ರೂಡ್ರೈವರ್ ಕೆಳಗಿಟ್ಟ. “ಸರಿ ಇಲ್ಲಂದ್ರ ನೀವೇ ತಿದ್ರಿ, ಅಕ್ಕೋರೆ.”

“ನಾನಾ? ನಾನೇನು ಇದರ ಮಾಲಕೀನಾ?”

“ಇದಕ್ಕ ಒಬ್ಬ ಮಾಲಕ ಅಂತ ಇಲ್ರೀ. ಆ ಕನ್ನಡ ಬರ್ದವರೂ ನಿಮ್ಮಂಥವರೇ, ಡಿಕ್ಷನರಿ ನೋಡಿ ಬರದಾರ.” ಅವನು ತನ್ನ ಕಂಪ್ಯೂಟರಿನಲ್ಲಿ ಪದಗಳನ್ನು ತಿದ್ದುವ ಪುಟ ತೆರೆದ. “ಇಲ್ಲಿ ಬರೀರಿ. ಪರೀಕ್ಷೆ ಮಾಡೋರು ನೋಡ್ತಾರ. ಒಪ್ಪಿದ್ರ ಎಲ್ಲಾರ ಕಂಪ್ಯೂಟರಿಗೂ ಹೋಗ್ತದ.”

ಪುತಳಾಬಾಯಿ ‘ತೊಲಗು’ ಅಳಿಸಿ ‘ನಿರ್ಗಮಿಸು’ ಎಂದು ಬರೆದರು. ಆರನೇ ತರಗತಿಯ ಹುಡುಗಿಯರು ನೆನಪಾಗಿ ಅದನ್ನೂ ಅಳಿಸಿ ‘ಮುಗಿಸಿ’ ಎಂದರು. ಕೆಳಗೆ ಹೆಸರು ಕೇಳುವ ಜಾಗದಲ್ಲಿ ಅವರ ಬೆರಳು ಸ್ವಲ್ಪ ಹೊತ್ತು ತಡೆಯಿತು.

ಸೋಮವಾರ ಅವರು ನೇರವಾಗಿ ಹೇಳಿದರು: “ತೆಗಿಸಿಲ್ರೀ ಸರ್. ಒಂದು ತಿಂಗಳು ಕೊಡ್ರಿ. ಆ ಪದ ಬದಲಾಗದಿದ್ರ ನಾನೇ ಕೀಲಿ ಹಾಕ್ತೀನಿ.” ಅಣವೀರಪ್ಪನವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳ ಮುಂದಿನ ತಾರೀಖಿಗೆ ಗುರುತು ಹಾಕಿದರು.

ಮೂರು ವಾರ ಏನೂ ಆಗಲಿಲ್ಲ. ಪುತಳಾಬಾಯಿ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪರದೆಯ ಮೂಲೆ ನೋಡಿ, ಸುಮ್ಮನೆ ಪಾಠಕ್ಕೆ ಹೋಗುತ್ತಿದ್ದರು. ಇಪ್ಪತ್ತಾರನೇ ದಿನ ತಂತ್ರಾಂಶದ ಹೊಸ ಆವೃತ್ತಿ ಬಂತು. ಮೂಲೆಯಲ್ಲಿ ‘ಮುಗಿಸಿ’ ಎಂದಿತ್ತು. ಅವರು ಹೆಡ್‌ಮಾಸ್ಟರರನ್ನು ಕರೆತಂದು, ತಿದ್ದಿದವರ ಪಟ್ಟಿ ತೆರೆದು ತೋರಿಸಿದರು. ಗುರುತಿಲ್ಲದ ಎಷ್ಟೋ ಹೆಸರುಗಳ ನಡುವೆ ‘ಪುತಳಾಬಾಯಿ, ಕಮಲಾಪುರ’.

ಅಣವೀರಪ್ಪನವರು ಎರಡು ಸಲ ಓದಿದರು. “ಇದು ಬ್ಯಾರೆ ಎಷ್ಟು ಶಾಲಿಗೆ ಹೋಗ್ಯದ?”

“ಗೊತ್ತಿಲ್ರೀ ಸರ್. ಕನ್ನಡದಾಗ ಇದನ್ನ ತೆರೆಯೋ ಕಡಿಗೆಲ್ಲಾ.”

ಅಣವೀರಪ್ಪನವರು ಕುರ್ಚಿ ಎಳೆದುಕೊಂಡು ಕೂತರು. ಹೆಸರುಗಳ ಪಟ್ಟಿ ಮುಚ್ಚಿಸಿ, ತಂತ್ರಾಂಶದ ಕನ್ನಡವನ್ನು ಮೊದಲ ಸಾಲಿನಿಂದ ಒಂದೊಂದೇ ಪದಕ್ಕೆ ಬೆರಳಿಟ್ಟು ಓದತೊಡಗಿದರು. ಊಟದ ಗಂಟೆ ಹೊಡೆಯಿತು, ಬಿಡುವಿನಲ್ಲೂ ಏಳದ ಹುಡುಗಿಯರೂ ಅಂದು ಎದ್ದು ಹೋದರು. ಅವರು ಏಳಲಿಲ್ಲ.

“ಮೇಡಂ,” ಎಂದರು ಕೊನೆಗೆ, ಪರದೆಯಿಂದ ಕಣ್ಣು ತೆಗೆಯದೆ. “ಇಲ್ಲಿ ಅಲ್ಪಪ್ರಾಣ ಬರದಾರ. ಮಹಾಪ್ರಾಣ ಆಗಬೇಕು. ಎಲ್ಲಿ ತಿದ್ದೋದು, ತೋರಿಸ್ರಿ.”